ಗಾಳಿ ತೆಗೆದ ದಿನ

ನಮ್ಮ ಮನೆಯಲ್ಲಿ ಒಂದು ಬಿಳಿ ಮಾರುತಿ 800 ಇದೆ. 2003ರಲ್ಲಿ ಸಾಲ ಮಾಡಿ ಕೊಂಡದ್ದು. ಆಗ ನಾನು ಹಾಸನದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರು. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಈ ಪುಟ್ಟ ಕಾರಿನ ತಯಾರಿಕೆ 2014ರ ಜನವರಿಯಲ್ಲೇ ನಿಂತುಹೋಯಿತು. ನಮ್ಮದು ಮಾತ್ರ ಇನ್ನೂ ನಿಂತಿಲ್ಲ. ನಿಲ್ಲದೇ ಇದ್ದದ್ದೇ ಒಂದು ದಿನ ದೊಡ್ಡ ಪೇಚಾಯಿತು. ಆ ಸಂಗತಿಯನ್ನೇ ಈಗ ಹೇಳಹೊರಟಿದ್ದೇನೆ.

ಕಾರಿನ ಸಣ್ಣಪುಟ್ಟ ಕೆಲಸಗಳನ್ನು ಮೊದಲಿನಿಂದಲೂ ನಾನೇ ಮನೆಯಲ್ಲಿ ಮಾಡಿಕೊಳ್ಳುತ್ತೇನೆ. ಪ್ಲಗ್ ಒರೆಸುವುದು, ಎಂಜಿನ್ ಆಯಿಲ್ ಬದಲಿಸುವುದು, ಏರ್ ಫಿಲ್ಟರ್ ಕೊಡವುವುದು, ಎಲ್ಲ ಭಾನುವಾರದ ಕೆಲಸ. ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಿಸಿ, ಕೊಳವೆಗಳಲ್ಲಿ ಸೇರಿಕೊಂಡ ಗಾಳಿ ತೆಗೆಯುವುದೂ ಅದರಲ್ಲಿ ಒಂದು. ಆದರೆ ಅದು ಒಬ್ಬರಿಂದ ಆಗುವ ಕೆಲಸವಲ್ಲ. ಒಬ್ಬರು ಸೀಟಿನಲ್ಲಿ ಕೂತು ಪೆಡಲ್ ಒತ್ತಬೇಕು, ಇನ್ನೊಬ್ಬರು ಚಕ್ರದ ಬಳಿ ಕೂತು ಪುಟ್ಟ ನಿಪ್ಪಲ್ಲನ್ನು ಬಿಚ್ಚಬೇಕು. ನಮ್ಮ ಮನೆಯಲ್ಲಿ ಪೆಡಲ್ ಒತ್ತುವ ಕೆಲಸ ನನ್ನ ಹೆಂಡತಿಯದು.

"ಒತ್ತು" ಎಂದು ನಾನು ಕೆಳಗಿನಿಂದ ಕೂಗುತ್ತಿದ್ದೆ.

"ಒತ್ತಿದೆ" ಎಂದು ಅವಳು ಮೇಲಿನಿಂದ.

"ಹಾಗೇ ಹಿಡಿದಿರು. ಬಿಡಬೇಡ."

"ಹಿಡ್ಕೊಂಡೇ ಇದೀನಲ್ಲರೀ!"

ನಾನು ನಿಪ್ಪಲ್ ಬಿಚ್ಚಿದಾಗ ಹಳೆಯ ಆಯಿಲ್ ಚಿಮ್ಮಿ ಬರುವುದು. ಅದನ್ನು ಮುಚ್ಚಿದ ಮೇಲೆಯೇ ಅವಳು ಕಾಲು ಎತ್ತಬೇಕು. ಮೊದಲೇ ಎತ್ತಿದರೆ ಹೊರಗಿನ ಗಾಳಿಯನ್ನು ಕೊಳವೆ ಒಳಕ್ಕೆ ಎಳೆದುಕೊಂಡುಬಿಡುತ್ತದೆ. ಒಮ್ಮೆ ಒಲೆಯ ಮೇಲೆ ಹಾಲು ಉಕ್ಕಿತೆಂದು ಅವಳು ಕಾಲು ಕಿತ್ತು ಓಡಿದಳು. ಮೂರು ಚಕ್ರಗಳ ಕೆಲಸ ನೀರುಪಾಲಾಯಿತು. ಆ ಭಾನುವಾರ ನಾವಿಬ್ಬರೂ ಮಾತಾಡಲಿಲ್ಲ. ಹಾಲೂ ಉಳಿದಿರಲಿಲ್ಲ, ಕಾಫಿಯೂ ಸಿಗಲಿಲ್ಲ.

ಆಮೇಲೆ ಅವಳಿಗೆ ಬಲಮೊಣಕಾಲಿನ ನೋವು ಶುರುವಾಯಿತು. ಮೆಟ್ಟಿಲು ಹತ್ತುವುದೇ ಕಷ್ಟವಾದಾಗ ಪೆಡಲ್ ಒತ್ತು ಎನ್ನುವುದು ಹೇಗೆ? ಗ್ಯಾರೇಜಿಗೆ ಕೊಟ್ಟರೆ ಸುಮ್ಮನೆ ಖರ್ಚು ಎಂಬ ಜಿಪುಣತನ ನನ್ನದು. ಮುಂದಿನ ತಿಂಗಳು, ಮುಂದಿನ ತಿಂಗಳು ಎನ್ನುತ್ತಾ ಏಳು ವರ್ಷ ಕಳೆದುಹೋಯಿತು. ಬ್ರೇಕ್ ಹಿಡಿಯುತ್ತಲೇ ಇತ್ತಲ್ಲ, ಹಾಗಾಗಿ ಮನಸ್ಸಿಗೂ ಚುಚ್ಚಲಿಲ್ಲ.

ಒಂದು ಮೇ ತಿಂಗಳಲ್ಲಿ ಉಜಿರೆಯಲ್ಲಿ ನೆಂಟರ ಮದುವೆ. ಬೆಂಗಳೂರಿನಿಂದ ಬೇಸಿಗೆ ರಜಕ್ಕೆ ಬಂದಿದ್ದ ಮೊಮ್ಮಗಳೂ ಜೊತೆಗಿದ್ದಳು. ನಾವೆಲ್ಲ ಅವಳನ್ನು ಪುಟ್ಟಿ ಎಂದೇ ಕರೆಯುವುದು. ಬೆಳಗಿನ ಜಾವ ಹೊರಟು, ಬೇಲೂರು, ಮೂಡಿಗೆರೆ ದಾಟಿ, ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಚಾರ್ಮಾಡಿ ಘಾಟಿ ಇಳಿಯತೊಡಗಿದೆವು. ಬೆಟ್ಟದ ಮೇಲೆ ಮಂಜಿತ್ತು. ಪುಟ್ಟಿ ಹಿಂದಿನ ಸೀಟಿನಲ್ಲಿ ತಿರುವುಗಳನ್ನು ಎಣಿಸುತ್ತಿದ್ದಳು.

ಈಗ ನಾನೊಂದು ತಪ್ಪು ಒಪ್ಪಿಕೊಳ್ಳಬೇಕು. ಇಳಿಜಾರು ಬಂದರೆ ಗೇರನ್ನು ನ್ಯೂಟ್ರಲ್‌ಗೆ ತಂದು ಕಾರನ್ನು ಜಾರಲು ಬಿಡುವುದು ನನ್ನ ಹಳೆಯ ಚಾಳಿ. ಪೆಟ್ರೋಲ್ ಉಳಿಯುತ್ತದೆ ಎಂಬ ಆಸೆ. ಆದರೆ ಗೇರಿನಲ್ಲಿದ್ದಾಗ ಎಂಜಿನ್ ಕೂಡ ಕಾರನ್ನು ಹಿಡಿದಿಡುತ್ತದೆ. ನ್ಯೂಟ್ರಲ್‌ನಲ್ಲಿ ಆ ಭಾರವೆಲ್ಲ ಬ್ರೇಕಿನ ಮೇಲೆಯೇ ಬೀಳುತ್ತದೆ. ತಿರುವಿಗೊಮ್ಮೆ ಬ್ರೇಕ್ ಒತ್ತುತ್ತಾ ಇಳಿದೆ. ಸುಮಾರು ಅರ್ಧ ಘಾಟಿ ಇಳಿದಿರಬೇಕು. ಒಂದು ತಿರುವಿನಲ್ಲಿ ಪೆಡಲ್ ಒತ್ತಿದರೆ ಅದು ಹಣ್ಣಾದ ಬಾಳೆಹಣ್ಣಿನಂತೆ ಮೆತ್ತಗಿತ್ತು. ಇನ್ನೂ ಒತ್ತಿದೆ. ಪಾದ ನೆಲಕ್ಕೆ ತಾಗಿತು. ಕಾರು ನಿಧಾನವಾಗಲಿಲ್ಲ.

ಎದುರಿಗೊಂದು ಬಸ್ಸು ಹತ್ತಿ ಬರುತ್ತಿತ್ತು. ಬೆವರು ಕಿತ್ತುಕೊಂಡು ಬಂತು. ಪೆಡಲನ್ನು ಪಟಪಟನೆ ಒತ್ತಿ ಬಿಟ್ಟೆ, ಒತ್ತಿ ಬಿಟ್ಟೆ. ಸ್ವಲ್ಪ ಹಿಡಿಯಿತು. ಗೇರನ್ನು ಹೇಗೋ ಎರಡಕ್ಕೆ ತುರುಕಿದೆ. ಎಂಜಿನ್ ಗುರ್ರೆಂದು ಚೀರಿ ವೇಗ ಇಳಿಯಿತು. ಹ್ಯಾಂಡ್ ಬ್ರೇಕನ್ನು ಸ್ವಲ್ಪ ಸ್ವಲ್ಪವೇ ಎಳೆದೆ. ಅದು ತಂತಿಯಿಂದ ನಡೆಯುವಂಥದ್ದು, ಆಯಿಲ್ ಕೆಟ್ಟರೂ ಅದಕ್ಕೆ ಬಾಧೆಯಿಲ್ಲ. ಗುಡ್ಡದ ಕಡೆ ಅಗಲವಾದ ಜಾಗವೊಂದು ಸಿಕ್ಕಿತು. ಮಳೆಗಾಲದಲ್ಲಿ ನೀರು ಧುಮುಕುವ ಬಂಡೆಯ ಬುಡ. ಅಲ್ಲಿ ಕಾರು ನಿಂತಿತು. ಕೈ ಸ್ಟೀರಿಂಗಿನಿಂದ ಬಿಡಿಸಿಕೊಳ್ಳಲು ಹೊತ್ತು ಹಿಡಿಯಿತು.

"ಯಾಕ್ರೀ ನಿಲ್ಸಿದ್ರಿ?" ಎಂದಳು ಹೆಂಡತಿ. ಅವಳು ಮಡಿಲಲ್ಲಿಟ್ಟಿದ್ದ ಹೂವಿನ ಪೊಟ್ಟಣ ಸರಿಮಾಡಿಕೊಳ್ಳುತ್ತಿದ್ದಳು.

"ಬ್ರೇಕ್ ಬಿಸಿಯಾಗಿದೆ, ಅಷ್ಟೆ. ಸ್ವಲ್ಪ ತಣ್ಣಗಾಗಲಿ" ಎಂದೆ.

ಮುಕ್ಕಾಲು ಗಂಟೆ ಕಾದ ಮೇಲೆ ಪೆಡಲ್ ಮತ್ತೆ ಮೇಲೆ ಬಂತು. ಒಂದನೇ ಗೇರಿನಲ್ಲಿ ಇರುವೆಯಂತೆ ಇಳಿದು ಮದುವೆಗೆ ಹೋದೆವು, ಪಾಯಸ ಉಂಡೆವು, ಮರುದಿನ ಮೆಲ್ಲಗೆ ಘಾಟಿ ಹತ್ತಿ ಊರಿಗೆ ಬಂದೆವು. ಅಂದಿನಿಂದ ಕಾರನ್ನು ಶೆಡ್ಡಿನಿಂದ ತೆಗೆಯಲಿಲ್ಲ. ಯಾರಾದರೂ ಕೇಳಿದರೆ "ಪೆಟ್ರೋಲ್ ದುಬಾರಿ" ಎನ್ನುತ್ತಿದ್ದೆ. ರಾತ್ರಿ ಮಲಗಿದಾಗ ಮಾತ್ರ ಪಾದ ನೆಲಕ್ಕೆ ತಾಗಿದ ಆ ಕ್ಷಣ ಮತ್ತೆ ಮತ್ತೆ ಬರುತ್ತಿತ್ತು.

ಕೊನೆಗೆ ಪರಿಚಯದ ಮೆಕ್ಯಾನಿಕ್‌ನನ್ನು ಮನೆಗೇ ಕರೆಸಿದೆ. ಅವನು ಬ್ರೇಕ್ ಪ್ಯಾಡು, ರಬ್ಬರ್ ಕೊಳವೆ, ಚಕ್ರದ ಸಿಲಿಂಡರು ಎಲ್ಲ ನೋಡಿ, ಅವು ಸರಿಯಾಗಿವೆ ಎಂದ. ಬಾನೆಟ್ ಎತ್ತಿ ಬ್ರೇಕ್ ಆಯಿಲ್ಲಿನ ಡಬ್ಬಿಯ ಮುಚ್ಚಳ ತೆಗೆದವನೇ ನಕ್ಕುಬಿಟ್ಟ.

"ಮೇಷ್ಟ್ರೇ, ಇದೇನು ಆಯಿಲ್ಲೋ ಕಾಫಿ ಡಿಕಾಕ್ಷನ್ನೋ? ಎಷ್ಟು ವರ್ಷ ಆಯ್ತು?"

ನಾನು ಉತ್ತರ ಕೊಡಲಿಲ್ಲ. ಆಯಿಲ್ ನಾನೇ ಬದಲಿಸುತ್ತೇನೆ ಎಂದಾಗ ಅವನು, "ಪೆಡಲ್ ಒತ್ತೋಕೆ ಯಾರಿದ್ದಾರೆ? ಅಮ್ಮನ ಕಾಲು ನೋವಲ್ವಾ? ಒಂದು ಪ್ರೆಶರ್ ಬ್ಲೀಡರ್ ಮಾಡ್ಕೊಳಿ, ಒಬ್ಬರೇ ಮಾಡಬಹುದು" ಎಂದು ಉಪಾಯ ಹೇಳಿಕೊಟ್ಟ.

ದಸರಾ ರಜಕ್ಕೆ ಪುಟ್ಟಿ ಬಂದಾಗ ಅದನ್ನು ತಯಾರಿಸುತ್ತಿದ್ದೆ. ಗಿಡಗಳಿಗೆ ನೀರು ಸಿಂಪಡಿಸುವ ಕೈಪಂಪಿನ ಡಬ್ಬಿ ಇರುತ್ತದಲ್ಲ, ಎರಡು ಲೀಟರಿನದು, ಅಂಥದೊಂದು ಹೊಸದನ್ನು ತಂದಿದ್ದೆ. ಕೀಟನಾಶಕ ಮುಟ್ಟಿದ ಹಳೆಯದು ಇದಕ್ಕೆ ಸಲ್ಲದು. ಕಾರಿನ ಆಯಿಲ್ ಡಬ್ಬಿಗೆ ಹೊಂದುವ ಇನ್ನೊಂದು ಮುಚ್ಚಳವನ್ನು ಮೆಕ್ಯಾನಿಕ್ ಕೊಟ್ಟಿದ್ದ. ಅದಕ್ಕೆ ತೂತು ಕೊರೆದು ಟ್ಯೂಬ್‌ಲೆಸ್ ಟಯರಿನ ವಾಲ್ವ್ ಕೂರಿಸಿ, ಅದರೊಳಗಿನ ಪಿನ್ನು ತೆಗೆದು, ಸಿಂಪಡಿಸುವ ಡಬ್ಬಿಯ ಪೈಪನ್ನು ಅದಕ್ಕೆ ಬಿಗಿದೆ. ನಡುವೆ ಒತ್ತಡ ತೋರಿಸುವ ಒಂದು ಸಣ್ಣ ಗೇಜು. ಇಷ್ಟೇ ಪ್ರೆಶರ್ ಬ್ಲೀಡರ್.

"ಇದು ಏನು ಮಾಡತ್ತೆ ತಾತ?"

"ಅಜ್ಜಿಯ ಕಾಲಿನ ಕೆಲಸ ಮಾಡತ್ತೆ."

ಅವಳಿಗೆ ಅರ್ಥವಾಗಲಿಲ್ಲ. ಮೆಡಿಕಲ್ ಶಾಪಿನಿಂದ ಸೂಜಿಯಿಲ್ಲದ ಎರಡು ಸಿರಿಂಜ್ ತರಿಸಿದೆ, ಒಂದು ಸಣ್ಣದು, ಒಂದು ದೊಡ್ಡದು. ಎರಡಕ್ಕೂ ನೀರು ತುಂಬಿ ನಡುವೆ ತೆಳ್ಳನೆಯ ಪ್ಲಾಸ್ಟಿಕ್ ಪೈಪು ಸಿಕ್ಕಿಸಿದೆವು. ಮಕ್ಕಳೇ, ಇದನ್ನು ನೀವೂ ಮಾಡಿ ನೋಡಬಹುದು. ಸಣ್ಣದನ್ನು ಒತ್ತಿದ ತಕ್ಷಣ ದೊಡ್ಡದು ಮೇಲೇಳುತ್ತದೆ. ದೊಡ್ಡದರ ಮೇಲೆ ಅವಳು ಹೆಬ್ಬೆರಳಿಟ್ಟು ಬಲವಾಗಿ ತಡೆದಳು. ನಾನು ಸಣ್ಣದನ್ನು ಒಂದೇ ಬೆರಳಲ್ಲಿ ಒತ್ತಿ ಅವಳ ಕೈಯನ್ನೇ ಎತ್ತಿಬಿಟ್ಟೆ.

"ಫ್ರಾನ್ಸ್ ದೇಶದ ಪ್ಯಾಸ್ಕಲ್ ಅಂತ ಒಬ್ಬ ವಿಜ್ಞಾನಿ ಇದ್ದ. 1623ರಲ್ಲಿ ಹುಟ್ಟಿದವನು. ಮುಚ್ಚಿದ ಪಾತ್ರೆಯಲ್ಲಿರೋ ದ್ರವವನ್ನ ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಒಂದೇ ಸಮ ಹೋಗತ್ತೆ ಅಂದ. ಕಾರಿನ ಬ್ರೇಕೂ ಇದೇ. ಪೆಡಲ್ ಹತ್ತಿರ ಇರೋದು ಸಣ್ಣ ಸಿರಿಂಜ್, ಚಕ್ರದ ಹತ್ತಿರ ಇರೋದು ದೊಡ್ಡದು."

ಮೊದಲಿನ ಕಾರುಗಳಲ್ಲಿ ಸೈಕಲ್ಲಿನ ಹಾಗೆ ಸರಳು, ತಂತಿಗಳಿಂದ ಬ್ರೇಕ್ ಎಳೆಯುತ್ತಿದ್ದರು. ಒಂದು ಚಕ್ರ ಹೆಚ್ಚು, ಇನ್ನೊಂದು ಕಡಿಮೆ ಹಿಡಿಯುತ್ತಿತ್ತು. 1921ರಲ್ಲಿ ಅಮೆರಿಕದ ಡ್ಯೂಸೆನ್‌ಬರ್ಗ್ ಕಾರು ನಾಲ್ಕೂ ಚಕ್ರಗಳಿಗೆ ದ್ರವದ ಬ್ರೇಕ್ ಹಾಕಿಕೊಂಡು ಮಾರುಕಟ್ಟೆಗೆ ಬಂತು. ಅಂದರೆ ಪ್ಯಾಸ್ಕಲ್ ಹೇಳಿದ ಮಾತು ನಮ್ಮ ಕಾಲಡಿಗೆ ಬರಲು ಎರಡೂವರೆ ಶತಮಾನವೇ ಬೇಕಾಯಿತು.

ಆಮೇಲೆ ಪೈಪಿನೊಳಗೆ ಬೇಕೆಂದೇ ಒಂದಿಷ್ಟು ಗಾಳಿ ಬಿಟ್ಟೆ. "ಈಗ ಒತ್ತು, ಪುಟ್ಟಿ."

ಅವಳು ಒತ್ತಿದಳು. ದೊಡ್ಡ ಸಿರಿಂಜ್ ಕದಲಲಿಲ್ಲ. ಇನ್ನಷ್ಟು ಒತ್ತಿದ ಮೇಲೆ ಕೊಂಚ ಅಲುಗಿತು. "ಸ್ಪಂಜಿನ ಥರ ಇದೆ ತಾತ!" ಎಂದಳು. ದ್ರವವನ್ನು ಹಿಂಡಿ ಚಿಕ್ಕದು ಮಾಡಲಾಗದು, ಗಾಳಿಯನ್ನು ಮಾಡಬಹುದು. ನಾವು ಒತ್ತಿದ ಬಲವೆಲ್ಲ ಆ ಗುಳ್ಳೆಯನ್ನು ಕುಗ್ಗಿಸುವುದರಲ್ಲೇ ಮುಗಿದುಹೋಗುತ್ತದೆ.

ಮೂವತ್ತು ವರ್ಷ ಈ ಪಾಠವನ್ನು ಬೋರ್ಡಿನ ಮೇಲೆ ಬರೆದವನು ನಾನು.

ಮರುದಿನ ಬೆಳಿಗ್ಗೆ ಕೆಲಸ ಶುರು. ಸಮತಟ್ಟಾದ ಅಂಗಳದಲ್ಲಿ ಕಾರು ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ಜಾಕ್ ಎತ್ತಿ, ಗಟ್ಟಿಯಾದ ಸ್ಟ್ಯಾಂಡುಗಳ ಮೇಲೆ ಕೂರಿಸಿದೆ. ಜಾಕ್ ಒಂದನ್ನೇ ನಂಬಬಾರದು, ಕಾರಿನಡಿಗೆ ಮಕ್ಕಳು ಹೋಗಲೇಬಾರದು. ಪುಟ್ಟಿಗೂ ನನಗೂ ಕೈಗವಸು, ಕಣ್ಣಿಗೆ ಕನ್ನಡಕ. ಬ್ರೇಕ್ ಆಯಿಲ್ ಕಣ್ಣಿಗೆ ಬಿದ್ದರೆ ಉರಿ, ಹೊಟ್ಟೆಗೆ ಹೋದರೆ ವಿಷ, ಕಾರಿನ ಬಣ್ಣದ ಮೇಲೆ ಬಿದ್ದರೆ ಬಣ್ಣವೇ ಸುಲಿದುಬರುತ್ತದೆ. ಪಕ್ಕದಲ್ಲೇ ಒಂದು ಬಕೆಟ್ ನೀರು ಇಟ್ಟುಕೊಂಡೆವು.

ಅಂದ ಹಾಗೆ, ನಾವು ಬ್ರೇಕ್ ಆಯಿಲ್ ಎನ್ನುತ್ತೇವೆಯೇ ಹೊರತು ಅದು ಎಣ್ಣೆಯೇ ಅಲ್ಲ. ಗ್ಲೈಕಾಲ್ ಜಾತಿಯ ರಾಸಾಯನಿಕ. ನಿಜವಾದ ಎಂಜಿನ್ ಆಯಿಲ್ಲನ್ನು ಅದರಲ್ಲಿ ತಪ್ಪಿ ಹಾಕಿದರೆ ರಬ್ಬರಿನ ವಾಷರುಗಳು ಉಬ್ಬಿ ಬ್ರೇಕೇ ಹಾಳು. ಅದಕ್ಕೊಂದು ಸ್ವಭಾವ ಇದೆ: ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತದೆ. ಮಳೆಗಾಲದಲ್ಲಿ ಉಪ್ಪಿನ ಭರಣಿ ತೆರೆದಿಟ್ಟರೆ ಉಪ್ಪು ಪಸೆಯಾಗುವುದಿಲ್ಲವೆ, ಹಾಗೆ. ಡಾಟ್ 3 ಎಂಬ ಬಗೆಯ ಹೊಸ ಆಯಿಲ್ ಕುದಿಯಲು ಕಡಿಮೆಯೆಂದರೂ 205 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ನೂರಕ್ಕೆ ಮೂರೂಮುಕ್ಕಾಲು ಪಾಲಿನಷ್ಟು ನೀರು ಸೇರಿತೋ, 140 ಡಿಗ್ರಿಯಲ್ಲೇ ಕುದಿಯಬಹುದು. ಘಾಟಿಯಲ್ಲಿ ಸತತವಾಗಿ ಉಜ್ಜಿದ ಬ್ರೇಕು ಆ ಬಿಸಿ ಮುಟ್ಟುವುದು ಕಷ್ಟವಲ್ಲ. ಕುದಿದರೆ ಆವಿ, ಆವಿಯೆಂದರೆ ಸಿರಿಂಜಿನೊಳಗಿನ ಆ ಗುಳ್ಳೆ.

ಡಬ್ಬಿಯಲ್ಲಿದ್ದ ಹಳೆಯ ಆಯಿಲ್ಲನ್ನು ಸಿರಿಂಜಿನಿಂದ ಹೀರಿ ತೆಗೆದು, ಸೀಲು ಒಡೆದ ಹೊಸ ಡಬ್ಬಿಯಿಂದ ತುಂಬಿದೆ. ಬ್ಲೀಡರಿನ ಮುಚ್ಚಳ ಬಿಗಿದೆ. ಮೊದಲ ಸಲ ಬ್ಲೀಡರಿನೊಳಗೆ ಆಯಿಲ್ ಹಾಕದೆ ಬರೀ ಗಾಳಿ ಪಂಪು ಮಾಡಬೇಕು. ಪುಟ್ಟಿ ಸೋಪಿನ ನೊರೆಯನ್ನು ಮುಚ್ಚಳದ ಸುತ್ತ, ಪೈಪಿನ ಜೋಡಣೆಗಳಿಗೆ ಬಳಿದಳು. ಪಂಕ್ಚರ್ ಅಂಗಡಿಯವನು ಟ್ಯೂಬನ್ನು ನೀರಲ್ಲಿ ಮುಳುಗಿಸಿ ನೋಡುವ ಹಾಗೆಯೇ ಇದು. ಒಂದು ಕಡೆ ಪುಸುಪುಸು ಗುಳ್ಳೆ ಎದ್ದಿತು. ಅಲ್ಲಿ ಬಿಗಿ ಮಾಡಿದೆ. ಆಯಿಲ್ ಹಾಕಿದ ಮೇಲೆ ಅದು ಸೋರಿದ್ದರೆ ಬಾನೆಟ್ಟಿನ ಬಣ್ಣ ಹೋಗಿಯೇಬಿಡುತ್ತಿತ್ತು.

ಆಮೇಲೆ ಅರ್ಧ ಲೀಟರು ಆಯಿಲ್ ಬ್ಲೀಡರಿಗೆ ಸುರಿದು ಪಂಪು ಮಾಡಿದೆ. ಗೇಜಿನ ಮುಳ್ಳು 12 ಪೌಂಡಿನ ಹತ್ತಿರ ಬಂದಾಗ ಸಾಕು. ಈ ಕಾರಿನ ಟಯರಿಗೆ ತುಂಬುವುದರ ಅರ್ಧದಷ್ಟು. ಹೆಚ್ಚು ಮಾಡಿದರೆ ಹಳೆಯ ಪ್ಲಾಸ್ಟಿಕ್ ಡಬ್ಬಿ ಒಡೆದೀತು. ಹಳೆಯ ಕಾರಿಗೆ ಈ ವಿಧಾನದಿಂದ ಇನ್ನೊಂದು ಅನುಕೂಲವಿದೆ. ಪೆಡಲನ್ನು ನೆಲದವರೆಗೆ ಒತ್ತಿ ಒತ್ತಿ ತೆಗೆದರೆ ಮಾಸ್ಟರ್ ಸಿಲಿಂಡರಿನೊಳಗಿನ ರಬ್ಬರು ಎಂದೂ ಹೋಗದ, ತುಕ್ಕು ಹಿಡಿದ ಜಾಗಕ್ಕೆ ಹೋಗಿ ಹರಿಯುವ ಭಯವಿರುತ್ತದೆ. ಇಲ್ಲಿ ಪೆಡಲ್ ಮುಟ್ಟುವುದೇ ಇಲ್ಲ.

ನಮ್ಮ ಮೆಕ್ಯಾನಿಕ್ ಹೇಳಿದಂತೆ, ಮಾಸ್ಟರ್ ಸಿಲಿಂಡರಿಗೆ ಎಲ್ಲಕ್ಕಿಂತ ದೂರ ಇರುವ ಹಿಂದಿನ ಎಡಚಕ್ರದಿಂದ ಶುರು. ಕೆಲವು ಕಾರುಗಳಲ್ಲಿ ಈ ಕ್ರಮ ಬೇರೆ ಇರುತ್ತದೆ. ಆಯಾ ಕಾರಿನ ಪುಸ್ತಕ ನೋಡಬೇಕು. ನಿಪ್ಪಲ್ಲಿಗೆ ಪಾರದರ್ಶಕ ಪೈಪು ಸಿಕ್ಕಿಸಿ, ಇನ್ನೊಂದು ತುದಿಯನ್ನು ಒಂದಿಷ್ಟು ಆಯಿಲ್ ಇದ್ದ ಬಾಟಲಿಯಲ್ಲಿ ಮುಳುಗಿಸಿದೆ. ಸ್ಪ್ಯಾನರಿನಿಂದ ಅರ್ಧ ಸುತ್ತು ಸಡಿಲಿಸಿದ್ದೇ ತಡ, ಕಪ್ಪು ಆಯಿಲ್ ತಾನಾಗಿ ಹರಿದು ಬಂತು. ಒತ್ತು ಎನ್ನುವವರಿಲ್ಲ, ಒತ್ತಿದೆ ಎನ್ನುವವರಿಲ್ಲ. ಅಂಗಳ ಎಷ್ಟು ನಿಶ್ಶಬ್ದವಾಗಿತ್ತೆಂದರೆ, ಜಗುಲಿಯಲ್ಲಿ ನನ್ನ ಹೆಂಡತಿ ಹುರುಳಿಕಾಯಿ ಮುರಿಯುವ ಸದ್ದೂ ಕೇಳುತ್ತಿತ್ತು.

ಪುಟ್ಟಿಗೆ ಎರಡು ಕೆಲಸ ಕೊಟ್ಟಿದ್ದೆ. ಪೈಪಿನಲ್ಲಿ ಗುಳ್ಳೆ ಬರುವುದು ನಿಂತು ತೆಳು ಹಳದಿ ಬಣ್ಣದ ಹೊಸ ಆಯಿಲ್ ಬಂದಾಗ ಹೇಳಬೇಕು. ಬ್ಲೀಡರಿನೊಳಗೆ ಆಯಿಲ್ ತಳ ಸೇರುವ ಮೊದಲು ಕೂಗಬೇಕು.

ಅವಳು ಪೈಪನ್ನೇ ನೋಡುತ್ತಾ ಕೇಳಿದಳು: "ತಾತ, ಇದು ಎಷ್ಟು ವರ್ಷದ್ದು?"

"ಏಳು."

"ಎಷ್ಟಕ್ಕೆ ಬದಲಾಯಿಸ್ಬೇಕು?"

"ಎರಡಕ್ಕೆ."

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಮೆಲ್ಲಗೆ, "ಅದಕ್ಕೇ ಅವತ್ತು ಘಾಟಿಯಲ್ಲಿ ಬ್ರೇಕ್ ಹಿಡೀಲಿಲ್ಲ ಅಲ್ವಾ?" ಎಂದಳು.

ಕೈಯಲ್ಲಿದ್ದ ಸ್ಪ್ಯಾನರು ಅಲ್ಲೇ ನಿಂತಿತು. "ನಿಂಗೆ ಗೊತ್ತಿತ್ತಾ?"

"ನಿನ್ನ ಕಾಲು ಪಟಪಟ ಅಂತ ಹೊಡ್ಕೊಳ್ತಾ ಇತ್ತು. ಸೀಟಿನ ಸಂದಿಯಿಂದ ಕಾಣ್ತಿತ್ತು. ನಾನು ಕೂಗಿದ್ರೆ ಅಜ್ಜಿ ಹೆದರ್ತಾಳೆ ಅಂತ ಸುಮ್ನಿದ್ದೆ. ಆಮೇಲೆ ನೀನು ಬಿಸಿಯಾಗಿದೆ ಅಷ್ಟೆ ಅಂದೆ. ಅದು ಸುಳ್ಳು ಅಂತ ಗೊತ್ತಾಯ್ತು. ಆದ್ರೂ ಯಾರ ಹತ್ರಾನೂ ಹೇಳಲಿಲ್ಲ."

ಹತ್ತು ವರ್ಷ ತುಂಬಿದ ಹುಡುಗಿ, ಐದು ತಿಂಗಳು ಅದನ್ನು ಒಳಗೇ ಇಟ್ಟುಕೊಂಡಿದ್ದಳು. ನಾನು ಒಬ್ಬನೇ ಹೊತ್ತಿದ್ದೇನೆ ಎಂದುಕೊಂಡಿದ್ದ ಭಾರದಲ್ಲಿ ಅರ್ಧ ಈ ಮಗುವಿನ ತಲೆಯ ಮೇಲಿತ್ತು. ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. "ಹೌದು ಪುಟ್ಟಿ. ಬ್ರೇಕ್ ಪೂರ್ತಿ ಹೋಗಿತ್ತು. ಆಯಿಲ್ ಬದಲಿಸದೇ ಇದ್ದದ್ದು ನನ್ನ ತಪ್ಪು. ಪೆಟ್ರೋಲ್ ಉಳಿಸೋಕೆ ನ್ಯೂಟ್ರಲ್‌ನಲ್ಲಿ ಇಳಿಸಿದ್ದೂ ನನ್ನ ತಪ್ಪು. ಅದನ್ನ ಹೇಳದೇ ಇದ್ದದ್ದು ಎಲ್ಲಕ್ಕಿಂತ ದೊಡ್ಡದು" ಎಂದೆ.

ಹುರುಳಿಕಾಯಿ ಮುರಿಯುವ ಸದ್ದು ನಿಂತಿತ್ತು. ತಿರುಗಿ ನೋಡಿದೆ. ನನ್ನ ಹೆಂಡತಿ ನನ್ನನ್ನೇ ನೋಡುತ್ತಿದ್ದಳು. ಬೈಯಲಿಲ್ಲ. ಮೊರವನ್ನು ಎತ್ತಿಕೊಂಡು, ಗೋಡೆ ಹಿಡಿದು ಎದ್ದು, ಒಳಗೆ ಹೋದಳು. ಬೈದಿದ್ದರೆ ಚೆನ್ನಾಗಿತ್ತು.

ಕೆಲಸ ನಿಲ್ಲಿಸುವಂತಿರಲಿಲ್ಲ. ಹಿಂದಿನ ಬಲಚಕ್ರ ಮುಗಿಸಿ, ಮುಂದಿನ ಎಡಚಕ್ರಕ್ಕೆ ಬಂದೆ. ಕೈ ಸ್ಪ್ಯಾನರಿನ ಮೇಲೆ, ಕಣ್ಣು ಬಾಗಿಲ ಮೇಲೆ.

"ತಾತ, ಡಬ್ಬಿ ಖಾಲಿಯಾಗ್ತಾ ಇದೆ."

"ಹ್ಞೂಂ."

"ತಾತ! ಡಬ್ಬಿ!"

ನಾನು ನಿಪ್ಪಲ್ ಮುಚ್ಚುವಷ್ಟರಲ್ಲಿ ತಡವಾಗಿತ್ತು. ಬ್ಲೀಡರಿನ ತಳ ಒಣಗಿ, ಆಯಿಲ್ಲಿನ ಬದಲು ಗಾಳಿಯೇ ಕಾರಿನ ಡಬ್ಬಿಗೆ ನುಗ್ಗಿತ್ತು. ಪಾರದರ್ಶಕ ಪೈಪಿನಲ್ಲಿ ಗುಳ್ಳೆಗಳು ಮಣಿಸರದ ಹಾಗೆ ಸಾಲಾಗಿ ಬಂದವು. ಮೂರು ಚಕ್ರಗಳ ಕೆಲಸ ಮತ್ತೆ ನೀರುಪಾಲು. ಈ ಸಲ ಉಕ್ಕಿದ ಹಾಲಿನ ಮೇಲೆ ತಪ್ಪು ಹೊರಿಸುವಂತಿರಲಿಲ್ಲ.

"ಅಷ್ಟೊಂದು ಕೂಗಿದೆನಲ್ಲ" ಎಂದಳು ಪುಟ್ಟಿ, ಅಳುಮುಖ ಮಾಡಿ.

"ನೀನು ಸರಿಯಾಗೇ ಕೂಗಿದೆ. ನಾನು ಕೇಳಿಸ್ಕೊಳ್ಳಲಿಲ್ಲ. ಮೊದಲಿಂದ ಶುರು ಮಾಡೋಣ."

ಬ್ಲೀಡರಿನ ಪಂಪನ್ನು ನಿಧಾನವಾಗಿ ಸಡಿಲಿಸಿ ಒತ್ತಡ ಬಿಟ್ಟೆ. ಒತ್ತಡವಿದ್ದಾಗಲೇ ಮುಚ್ಚಳ ಬಿಚ್ಚಿದರೆ ಆಯಿಲ್ ಮುಖಕ್ಕೆ ಹಾರುತ್ತದೆ. ಪುಣ್ಯಕ್ಕೆ ಇನ್ನೊಂದು ಅರ್ಧ ಲೀಟರಿನ ಡಬ್ಬಿ ತಂದಿಟ್ಟಿದ್ದೆ. ಮತ್ತೆ ತುಂಬಿ, ಮತ್ತೆ ಪಂಪು ಮಾಡಿ, ಮತ್ತೆ ಹಿಂದಿನ ಎಡಚಕ್ರ. ಈ ಸಲ ಪುಟ್ಟಿ "ಮುಚ್ಚು" ಎಂದರೆ ಮುಚ್ಚಿದೆ, "ಬಿಚ್ಚು" ಎಂದರೆ ಬಿಚ್ಚಿದೆ. ಮೇಷ್ಟ್ರು ಅವಳೇ. ಗುಳ್ಳೆ ಪೂರ್ತಿ ನಿಂತು, ಪೈಪಿನಲ್ಲಿ ಹೊಸ ಆಯಿಲ್ ಗಾಜಿನ ಕಡ್ಡಿಯಂತೆ ನಿಶ್ಚಲವಾಗಿ ಕಾಣುವವರೆಗೂ ಒಂದೊಂದು ಚಕ್ರವನ್ನೂ ಅವಳು ಪಾಸು ಮಾಡಲಿಲ್ಲ. ಕೊನೆಗೆ ಮುಂದಿನ ಬಲಚಕ್ರವೂ ಮುಗಿಯಿತು.

ಒತ್ತಡ ಇಳಿಸಿ ಬ್ಲೀಡರ್ ಬಿಚ್ಚಿದೆ. ಡಬ್ಬಿಯಲ್ಲಿ ಹೆಚ್ಚಾದ ಆಯಿಲ್ಲನ್ನು ಸಿರಿಂಜಿನಿಂದ ತೆಗೆದು ಮೇಲಿನ ಗೆರೆಗೆ ಸರಿಮಾಡಿ, ಕಾರಿನ ಸ್ವಂತ ಮುಚ್ಚಳ ಹಾಕಿದೆ. ನಾಲ್ಕೂ ನಿಪ್ಪಲ್ ಒರೆಸಿ, ಸೋರುತ್ತಿಲ್ಲವೆಂದು ನೋಡಿ, ಅವುಗಳ ರಬ್ಬರ್ ಟೋಪಿ ಹಾಕಿ, ಚಕ್ರಗಳನ್ನು ಬಿಗಿದು ಕಾರನ್ನು ನೆಲಕ್ಕಿಳಿಸಿದೆವು. ಹಳೆಯ ಆಯಿಲ್ಲನ್ನು ಬಾಟಲಿಗೆ ತುಂಬಿ, ಹೆಸರು ಬರೆದು, ಗ್ಯಾರೇಜಿಗೆ ಕೊಡಲು ಬೇರೆ ಇಟ್ಟೆ. ಅದನ್ನು ಚರಂಡಿಗೆ, ಗಿಡದ ಬುಡಕ್ಕೆ ಸುರಿಯುವ ಹಾಗಿಲ್ಲ.

ಈಗ ಉಳಿದದ್ದು ಒಂದೇ. ಪೆಡಲ್ ಒತ್ತಿ ನೋಡುವುದು. ನಾನು ಸೀಟಿನ ಕಡೆ ಹೋಗುವಷ್ಟರಲ್ಲಿ ಹಿಂದಿನಿಂದ ದನಿ ಬಂತು.

"ಸರೀರಿ ಆ ಕಡೆ."

ನನ್ನ ಹೆಂಡತಿ ಯಾವಾಗ ಬಂದಿದ್ದಳೋ. ಬಾಗಿಲು ಹಿಡಿದು ಮೆಲ್ಲಗೆ ಸೀಟಿನಲ್ಲಿ ಕೂತಳು. ನೋವಿನ ಬಲಗಾಲನ್ನು ಪಕ್ಕಕ್ಕಿಟ್ಟು, ಎಡಗಾಲನ್ನು ಪೆಡಲಿನ ಮೇಲಿಟ್ಟಳು. ಒತ್ತಿದಳು. ಇನ್ನೊಮ್ಮೆ ಒತ್ತಿ ಹಾಗೇ ಹಿಡಿದಳು. ನಾನೂ ಪುಟ್ಟಿಯೂ ಉಸಿರು ಬಿಗಿಹಿಡಿದು ನಿಂತಿದ್ದೆವು. ಪೆಡಲ್ ಅರ್ಧಕ್ಕೂ ಇಳಿಯದೆ ಕಲ್ಲಿನಂತೆ ನಿಂತಿತ್ತು.

"ಗಟ್ಟಿ ಇದೆ" ಎಂದಳು. ಇಷ್ಟು ವರ್ಷ ಪೆಡಲ್ ಒತ್ತಿದ ಕಾಲು. ಅದರ ತೀರ್ಪಿನ ಮೇಲೆ ಮೇಲ್ಮನವಿ ಇಲ್ಲ.

ಆಮೇಲೆ ನನ್ನ ಕಡೆ ತಿರುಗಿ, "ಕಾಲು ನೋವು ಅಂತ ನನ್ನ ಕರೀಲಿಲ್ಲ, ಸರಿ. ಬ್ರೇಕ್ ಹೋಗಿದೆ ಅಂತ ಹೇಳೋಕೂ ಕಾಲು ನೋವು ಅಡ್ಡ ಬಂತೇನ್ರೀ? ಆ ಮಗು ಹಿಂದೆ ಕೂತಿತ್ತು" ಎಂದಳು.

ನನ್ನ ಬಳಿ ಉತ್ತರವಿರಲಿಲ್ಲ. "ತಪ್ಪಾಯ್ತು" ಎಂದೆ. ನಲವತ್ತು ವರ್ಷದ ಸಂಸಾರದಲ್ಲಿ ಆ ಮಾತನ್ನು ನಾನು ಎಷ್ಟು ಸಲ ಹೇಳಿದ್ದೇನೆಂದು ಎಣಿಸಲು ಒಂದು ಕೈಯ ಬೆರಳು ಸಾಕು.

"ಇನ್ನು ಮೇಲೆ ಇಳಿಜಾರಲ್ಲಿ ನ್ಯೂಟ್ರಲ್‌ಗೆ ಹಾಕಿದ್ರೆ ನಾನು ಇಳಿದು ನಡ್ಕೊಂಡೇ ಬರ್ತೀನಿ. ಈ ಕಾಲಲ್ಲೇ" ಎಂದು ಅವಳು ಎದ್ದು ಹೋದಳು. ಸ್ವಲ್ಪ ಹೊತ್ತಿಗೆ ಮೂರು ಲೋಟ ಬಂತು; ಎರಡರಲ್ಲಿ ಕಾಫಿ, ಒಂದರಲ್ಲಿ ಹಾಲು.

ಮಧ್ಯಾಹ್ನ ನಮ್ಮ ಬೀದಿಯಲ್ಲೇ ನಡಿಗೆಯ ವೇಗದಲ್ಲಿ ಹತ್ತಾರು ಸಲ ಬ್ರೇಕ್ ಒತ್ತಿ ನೋಡಿದೆ, ಒಬ್ಬನೇ. ನೇರ ಗ್ಯಾರೇಜಿಗೆ ಹೋಗಿ ಮೆಕ್ಯಾನಿಕ್ ಕೈಯಲ್ಲಿ ಇನ್ನೊಮ್ಮೆ ಪರೀಕ್ಷೆ ಮಾಡಿಸಿದೆ. ಕೈಕೆಲಸ ಗೊತ್ತಿಲ್ಲದವರು ಮೊದಲೇ ಅಲ್ಲಿಗೆ ಹೋಗುವುದು ಒಳ್ಳೆಯದು. ಬ್ರೇಕಿನ ವಿಷಯದಲ್ಲಿ ಅಂದಾಜು ಕೆಲಸ ಸಲ್ಲದು. "ಚೆನ್ನಾಗಿ ಮಾಡಿದ್ದೀರಿ ಮೇಷ್ಟ್ರೇ" ಎಂದ ಅವನು. ಮಾಡಿಸಿದವರು ಬೇರೆ ಎಂದೆ.

ರಾತ್ರಿ ಊಟವಾದ ಮೇಲೆ ಪುಟ್ಟಿ ಫೋನು ತಂದು ನನ್ನ ಮುಂದೆ ಹಿಡಿದಳು. "ಅಮ್ಮಂಗೆ ನೀನೇ ಹೇಳು."

ಮಗಳಿಗೆ ಎಲ್ಲವನ್ನೂ ಹೇಳಿದೆ. ಆ ಕಡೆಯಿಂದ ಬಹಳ ಹೊತ್ತು ಮಾತೇ ಬರಲಿಲ್ಲ. ಆಮೇಲೆ, "ಅಪ್ಪ, ಮುಂದಿನ ಸಲ ಏನಾದ್ರೂ ಹಾಗಾದ್ರೆ ಅದೇ ದಿನ ಹೇಳ್ತೀಯ?" ಎಂದಳು. ಹೇಳುತ್ತೇನೆ ಎಂದೆ. ಇನ್ನು ಮುಂದೆ ಮಗುವನ್ನು ನಿಮ್ಮ ಕಾರಿನಲ್ಲಿ ಕಳಿಸುವುದಿಲ್ಲ ಎನ್ನುತ್ತಾಳೇನೋ ಎಂದು ಎದೆ ಹೊಡೆದುಕೊಳ್ಳುತ್ತಿತ್ತು. ಅವಳು ಹಾಗೆ ಅನ್ನಲಿಲ್ಲ.

ರಜ ಮುಗಿದು ಪುಟ್ಟಿ ಬೆಂಗಳೂರಿಗೆ ಹೊರಟ ದಿನ ಅವಳನ್ನು ರೈಲ್ವೆ ಸ್ಟೇಷನ್ನಿಗೆ ಆ ಕಾರಿನಲ್ಲೇ ಬಿಟ್ಟುಬಂದೆವು. ಅವಳ ಅಜ್ಜಿ ಮುಂದಿನ ಸೀಟಿನಲ್ಲಿ ಕೂತು, ದಾರಿಯುದ್ದಕ್ಕೂ ಗೇರಿನ ಮೇಲೆಯೇ ಒಂದು ಕಣ್ಣಿಟ್ಟಿದ್ದಳು. ಮನೆಗೆ ಬಂದು ನೀರು ನೋಡಲು ಬಾನೆಟ್ ಎತ್ತಿದರೆ, ಒಳಬದಿಯಲ್ಲಿ ಒಂದು ಚೀಟಿ ಅಂಟಿಸಿತ್ತು. ಪುಟ್ಟಿಯ ದುಂಡು ಅಕ್ಷರ. ಆಯಿಲ್ ಬದಲಿಸಿದ ತಾರೀಕು, ಅದರ ಕೆಳಗೆ ಎರಡು ವರ್ಷದ ನಂತರದ ತಾರೀಕು. ಅದರ ಕೆಳಗೆ ಇನ್ನೊಂದು ಸಾಲು: "ನಾನು ಬರ್ತೀನಿ. ಅಜ್ಜಿ ಪೆಡಲ್ ನೋಡ್ತಾಳೆ. ತಾತ ಡಬ್ಬಿ ನೋಡ್ಬೇಕು."